ಮೆದುಳಿನ ನಕ್ಷೆ ಬರೆದ ಸಾಂತಿಯಾಗೊ ಕಹಾಲ್

ರಾತ್ರಿಯ ಪಾಳಿ ಮುಗಿಸಿ ಕತ್ತಲ ಗಲ್ಲಿಯಲ್ಲಿ ಕೋಣೆಗೆ ಮರಳುವಾಗ ಬೆನ್ನ ಹಿಂದೆ ಯಾರೋ ಓಡಿಬಂದ ಸಪ್ಪಳವಾದರೆ, ಬಂದದ್ದು ನಾಯಿಯೋ ಮನುಷ್ಯನೋ ಎಂದು ಬುದ್ಧಿಯು ವಿಚಾರಿಸುವ ಮೊದಲೇ ಎದೆ ಬಡಿದುಕೊಳ್ಳತೊಡಗುತ್ತದೆ, ಅಂಗೈ ಬೆವರುತ್ತದೆ, ಕಾಲುಗಳು ತಾವಾಗಿಯೇ ಚುರುಕಾಗುತ್ತವೆ. ಅವೇಳೆಯಲ್ಲಿ ಊರಿನಿಂದ ಫೋನು ಬಂದಾಗಲೂ ಹೀಗೆಯೇ. ಈ ಭಯವೆಂಬುದಕ್ಕೆ ನಮ್ಮ ದೇಹದಲ್ಲಿ ನೆಲೆ ಎಲ್ಲಿ ಎಂದು ವಾಚಕರು ಎಂದಾದರೂ ಯೋಚಿಸಿರಬಹುದು.

ಕಿವಿಗಳಿಂದ ಒಳಗೆ, ಮೆದುಳಿನ ಪಕ್ಕದ ಭಾಗದ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ ಬಾದಾಮಿ ಬೀಜದ ಆಕಾರದ ಎರಡು ಗಂಟುಗಳಿವೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಜರ್ಮನಿಯ ಬುರ್ಡಾಖ್ ಎಂಬ ಅಂಗರಚನಾ ಶಾಸ್ತ್ರಜ್ಞರು ಇದನ್ನು ಗುರುತಿಸಿ ಬಾದಾಮಿಯೆಂದೇ ಕರೆದರು. ಅದೇ ಅರ್ಥದ ಗ್ರೀಕ್ ಪದದಿಂದ ಇಂದು ವೈದ್ಯರು ಇದನ್ನು ಅಮಿಗ್ಡಲಾ ಎನ್ನುತ್ತಾರೆ. ಭಯಕ್ಕೆ ಇದೊಂದೇ ನೆಲೆಯೆನ್ನಲಾಗದು. ಆದರೆ ಅಪಾಯವನ್ನು ಗುರುತಿಸಿ ದೇಹವನ್ನು ಎಚ್ಚರಿಸುವ ಕಾರ್ಯದಲ್ಲಿ ಇದರ ಪಾತ್ರ ಬಹು ದೊಡ್ಡದು. ಇಷ್ಟು ಚಿಕ್ಕ ಗಂಟಿನಲ್ಲಿ ಹತ್ತಕ್ಕೂ ಮಿಕ್ಕಿದ ಪಂಗಡಗಳಿವೆ. 2005ರಲ್ಲಿ ಪ್ರಕಟವಾದ ಒಂದು ಎಣಿಕೆಯಂತೆ ಒಂದು ಪಾರ್ಶ್ವದ ಬಾದಾಮಿಯೊಂದರಲ್ಲಿಯೇ ಸುಮಾರು 1 ಕೋಟಿ 20 ಲಕ್ಷ ನರಕೋಶಗಳಿವೆ.

ಇವುಗಳಲ್ಲಿ ಯಾವುದು ಯಾವುದಕ್ಕೆ ಸುದ್ದಿ ಮುಟ್ಟಿಸುತ್ತದೆಂಬ ನಕ್ಷೆಯನ್ನು ಬರೆಯಬೇಕಾದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ದೊರೆಯಬೇಕು. ಮೆದುಳು ಎಂಬುದು ಎಲ್ಲಿಯೂ ಕಡಿಯದೆ ಹೆಣೆದ ಒಂದೇ ಬಲೆಯೋ, ಅಥವಾ ಬೇರೆ ಬೇರೆ ಕೋಶಗಳ ಒಂದು ದೊಡ್ಡ ಸಮಾಜವೋ? ಒಂದೇ ಬಲೆಯಾದರೆ ಯಾರಿಂದ ಯಾರಿಗೆ ಎಂಬ ಮಾತಿಗೆ ಅರ್ಥವಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಿದವರು ಸ್ಪೇನ್ ದೇಶದ ಒಬ್ಬ ಹಳ್ಳಿಯ ಹುಡುಗ. ಕ್ಷೌರಿಕನ ಅಂಗಡಿಯಲ್ಲಿಯೂ ಚಮ್ಮಾರನ ಅಂಗಡಿಯಲ್ಲಿಯೂ ದುಡಿದು ಬಂದವರು. ಅವರೇ ಸಾಂತಿಯಾಗೊ ರಮೋನ್ ಇ ಕಹಾಲ್. ಅವರ ಜೀವನವೃತ್ತಾಂತವನ್ನು ನಮ್ಮ ಅರಿವಿಗೆ ಎಟುಕಿದಷ್ಟು ಇಲ್ಲಿ ನಿರೂಪಿಸುತ್ತೇವೆ.

ಪುಂಡ ಬಾಲಕ

ಕಹಾಲರು ಜನಿಸಿದ್ದು 1852ರ ಮೇ 1ರಂದು, ಸ್ಪೇನಿನ ಈಶಾನ್ಯ ಭಾಗದ ಪೆತಿಲ್ಯಾ ದೆ ಆರಗೋನ್ ಎಂಬ ಬೆಟ್ಟದ ಹಳ್ಳಿಯಲ್ಲಿ. ತಂದೆ ಹುಸ್ತೋ ರಮೋನ್ ಹಳ್ಳಿಗಳಲ್ಲಿ ಗಾಯ ಕಟ್ಟುವ, ಶಸ್ತ್ರಚಿಕಿತ್ಸೆ ಮಾಡುವ ಸಾಮಾನ್ಯ ದರ್ಜೆಯ ವೈದ್ಯರು. ಬಡತನದಿಂದ ಮೇಲೆ ಬಂದ ಅವರು ಸಂಸಾರ ಕಟ್ಟಿಕೊಂಡೇ ಹೆಚ್ಚಿನ ಪರೀಕ್ಷೆಗೆ ಓದಿ ಪೂರ್ಣ ವೈದ್ಯರಾದವರು. ತಮ್ಮ ಮಗನೂ ವೈದ್ಯನೇ ಆಗಬೇಕೆಂಬುದು ಅವರ ಹಟ. ಮಗನಿಗಾದರೋ ಚಿತ್ರ ಬರೆಯುವ ಹುಚ್ಚು. ಕಾಗದ ಸಿಕ್ಕರೆ ಕಾಗದದ ಮೇಲೆ, ಸಿಗದಿದ್ದರೆ ಗೋಡೆ ಬಾಗಿಲುಗಳ ಮೇಲೆ ಬರೆಯುವುದೇ ಅವನ ಉದ್ಯೋಗ.

ಅಯೆರ್ಬೆ ಎಂಬ ಊರಿನಲ್ಲಿದ್ದಾಗ ಇಗರ್ಜಿಯ ಗೋಡೆಗೆ ಸುಣ್ಣ ಬಣ್ಣ ಬಳಿಯಲು ಬಂದಿದ್ದ ಒಬ್ಬ ಕೆಲಸಗಾರನಿಗೆ ತಂದೆಯು ಮಗನ ಒಂದು ಚಿತ್ರವನ್ನು ತೋರಿಸಿ ಅಭಿಪ್ರಾಯ ಕೇಳಿದರಂತೆ. ಅವನು ನೋಡಿ, ಈ ಹುಡುಗನಿಗೆ ಚಿತ್ರಕಲೆ ಒಲಿಯುವುದಿಲ್ಲವೆಂದು ತೀರ್ಪು ಕೊಟ್ಟನು. ತಂದೆಗೆ ಅಷ್ಟೇ ಸಾಕಾಯಿತು. ಬಣ್ಣ, ಕುಂಚಗಳಿಗೆ ಮನೆಯಲ್ಲಿ ಬಹಿಷ್ಕಾರ ಬಿದ್ದಿತು. ಬಾಲಕನು ಕದ್ದು ಮುಚ್ಚಿ ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಪುಂಡಾಟದಲ್ಲಿಯೂ ಅವನು ಹಿಂದೆ ಬೀಳಲಿಲ್ಲ. 11 ವರ್ಷದವನಾಗಿದ್ದಾಗ ತಾನೇ ಒಂದು ಫಿರಂಗಿ ತಯಾರಿಸಿ ನೆರೆಯವರ ತೋಟದ ಬಾಗಿಲನ್ನು ಹಾರಿಸಿಬಿಟ್ಟನು. ಅದಕ್ಕಾಗಿ ಕೆಲವು ದಿನ ಊರಿನ ಸೆರೆಮನೆಯಲ್ಲಿರಬೇಕಾಯಿತು. ಹಾಕಾ ಎಂಬ ಊರಿನ ಪಾದ್ರಿಗಳ ಶಾಲೆಗೆ ಕಳುಹಿಸಿದರೆ ಅಲ್ಲಿ ಬೆತ್ತದೇಟು, ಉಪವಾಸದ ಶಿಕ್ಷೆ. ಬಾಯಿಪಾಠದ ಲ್ಯಾಟಿನ್ ಅವನ ತಲೆಗೆ ಹತ್ತಲಿಲ್ಲ. ಉವೆಸ್ಕಾ ಪಟ್ಟಣದ ಶಾಲೆಯಲ್ಲಿಯೂ ಅದೇ ಕಥೆ. ಕೊನೆಗೆ ತಂದೆಯು ಓದಿನಿಂದ ಬಿಡಿಸಿ ಅವನನ್ನು ಒಬ್ಬ ಕ್ಷೌರಿಕನ ಬಳಿಯಲ್ಲಿ, ಮುಂದೆ ಒಬ್ಬ ಚಮ್ಮಾರನ ಬಳಿಯಲ್ಲಿ ಕೆಲಸಕ್ಕೆ ಹಚ್ಚಿದರು. ಗಡ್ಡಕ್ಕೆ ಸಾಬೂನು ಹಚ್ಚುವ ಕೆಲಸ ಹುಡುಗನಿಗೆ ಹಿಡಿಸಲಿಲ್ಲ. ಆದರೆ ಚರ್ಮ ಕೊಯ್ದು ಹೊಲಿಯುವ ಕೆಲಸದಲ್ಲಿ ಅವನ ಬೆರಳುಗಳು ಬೇಗನೆ ಪಳಗಿದವು. ಕೈಕೆಲಸ ಮಾಡಿ ಉಂಡವರ ಬೆರಳಿಗೆ ಬರುವ ಜಾಣ್ಮೆಯನ್ನು ಯಾವ ಪಾಠಶಾಲೆಯೂ ಕಲಿಸದು. ಮುಂದೆ ಕೂದಲಿಗಿಂತ ತೆಳುವಾದ ಮೆದುಳಿನ ಹೋಳುಗಳನ್ನು ಹಿಡಿಯುವ ಕಾಲಕ್ಕೆ ಈ ಬೆರಳುಗಳೇ ಅವರ ನೆರವಿಗೆ ಬಂದವೆಂದು ನಾವು ಭಾವಿಸುತ್ತೇವೆ.

ಎಲುಬುಗಳು ತೋರಿದ ದಾರಿ

1868ರ ಬೇಸಗೆಯಲ್ಲಿ ತಂದೆಯು ಒಂದು ವಿಚಿತ್ರ ಉಪಾಯ ಹೂಡಿದರು. ಮಗನನ್ನು ಹಳೆಯ ಸ್ಮಶಾನಕ್ಕೆ ಕರೆದೊಯ್ದು, ಅಲ್ಲಿ ಬಯಲಿಗೆ ಬಿದ್ದಿದ್ದ ಎಲುಬುಗಳನ್ನು ಆಯ್ದು ತಂದು, ಒಂದೊಂದನ್ನೂ ಕೈಯಲ್ಲಿ ಹಿಡಿಸಿ ಅಸ್ಥಿಶಾಸ್ತ್ರದ ಪಾಠ ಹೇಳಿದರು. ಹುಡುಗನಿಗೆ ಎಲುಬೆಂದರೆ ಅದೊಂದು ಚಿತ್ರದ ವಸ್ತು. ತಗ್ಗು, ದಿಣ್ಣೆ, ರಂಧ್ರ ಒಂದನ್ನೂ ಬಿಡದೆ ಬರೆಯತೊಡಗಿದನು. ಬರೆಯುತ್ತ ಬರೆಯುತ್ತ ಕಲಿತೂಬಿಟ್ಟನು. ಚಿತ್ರವನ್ನು ದ್ವೇಷಿಸುತ್ತಿದ್ದ ತಂದೆಯೇ ಈಗ ಮಗನ ಚಿತ್ರಗಳನ್ನು ಹೆಮ್ಮೆಯಿಂದ ತೆಗೆದಿರಿಸಿದರು. ಅಪ್ಪ ಮಕ್ಕಳ ನಡುವೆ ಅಷ್ಟು ಕಾಲ ಬೆಳೆದಿದ್ದ ವೈಮನಸ್ಯ ಸತ್ತವರ ಎಲುಬಿನ ಮುಂದೆ ಕರಗಿತು.

1873ರಲ್ಲಿ ಸರಗೋಸಾದ ವಿದ್ಯಾಪೀಠದಿಂದ ಕಹಾಲರು ವೈದ್ಯಪದವಿ ಪಡೆದರು. ಕೂಡಲೇ ಸೈನ್ಯದ ಕರೆ ಬಂದಿತು. 1874ರಲ್ಲಿ ಅವರನ್ನು ಅಟ್ಲಾಂಟಿಕ್ ಸಮುದ್ರದಾಚೆಯ ಕ್ಯೂಬಾಕ್ಕೆ ಕಳುಹಿಸಿದರು. ಅಲ್ಲಿ ಸ್ಪೇನಿನ ಆಳಿಕೆಯ ವಿರುದ್ಧ ಜನರು ದಂಗೆಯೆದ್ದಿದ್ದರು. ಜೌಗು ನೆಲದ ನಡುವಿನ ಸೈನಿಕ ಆಸ್ಪತ್ರೆಗಳಲ್ಲಿ ಗುಂಡೇಟಿಗಿಂತ ಮಲೇರಿಯಾ, ಆಮಶಂಕೆಗಳಿಂದ ಸಾಯುವವರೇ ಹೆಚ್ಚು. ರೋಗಿಗಳಿಗೆಂದು ಬಂದ ಆಹಾರ ನಡುವಿನಲ್ಲಿಯೇ ಮಾಯವಾಗುತ್ತಿತ್ತು. ಯುವಕ ವೈದ್ಯರು ಇದನ್ನು ಪ್ರತಿಭಟಿಸಿ ಮೇಲಿನವರ ಕೋಪಕ್ಕೆ ಪಾತ್ರರಾದರು. ತಾವೂ ಮಲೇರಿಯಾಕ್ಕೆ ತುತ್ತಾಗಿ 1875ರಲ್ಲಿ ಎಲುಬಿನ ಹಂದರವಾಗಿ ಸ್ವದೇಶಕ್ಕೆ ಮರಳಿದರು. ಬಾಕಿ ಸಂಬಳವನ್ನು ಪಡೆಯಲು ಅದರಲ್ಲೊಂದು ಪಾಲನ್ನು ಕಚೇರಿಯವರಿಗೆ ಬಿಟ್ಟುಕೊಡಬೇಕಾಯಿತು.

ಪರದೇಶದ ದುಡಿಮೆಯಿಂದ ಉಳಿಸಿದ ಆ ಅಲ್ಪ ಹಣವನ್ನು ಅವರು ಮಾಡಿದ್ದೇನು? ಮ್ಯಾಡ್ರಿಡ್ ನಗರದಲ್ಲಿ ಡಾಕ್ಟರ್ ಪದವಿಯ ಪರೀಕ್ಷೆಗೆ ಹೋದಾಗ, 1877ರಲ್ಲಿ, ಅವರು ಒಳ್ಳೆಯ ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳನ್ನು ಕಂಡು ಬೆರಗಾಗಿದ್ದರು. ಊರಿಗೆ ಮರಳಿ ತಮ್ಮ ಉಳಿತಾಯದಿಂದ, ಕಂತುಗಳ ಮೇಲೆ, ಒಂದು ಸೂಕ್ಷ್ಮದರ್ಶಕವನ್ನು ಕೊಂಡರು. ಮನೆಯ ಮಾಳಿಗೆಯ ಕೋಣೆಯೇ ಪ್ರಯೋಗಶಾಲೆಯಾಯಿತು. ಮರುವರ್ಷ ಕ್ಷಯರೋಗ ಹಿಡಿಯಿತು, ರಕ್ತ ಕಾರಿದರು. ಬದುಕುವ ಆಸೆಯನ್ನೇ ತೊರೆದು ಬೆಟ್ಟದೂರಿನ ಆರೋಗ್ಯಧಾಮ ಸೇರಿದವರು ಹೇಗೋ ಚೇತರಿಸಿಕೊಂಡರು. 1879ರಲ್ಲಿ ಸಿಲ್ವೇರಿಯಾ ಫನ್ಯಾನಾಸ್ ಎಂಬ ಕನ್ಯೆಯನ್ನು ವಿವಾಹವಾದರು. ಕೈಯಲ್ಲಿ ಹಣವಿಲ್ಲದ, ಮೈಯಲ್ಲಿ ಬಲವಿಲ್ಲದ ಯುವಕನ ಈ ಮದುವೆ ತಂದೆಗೆ ಒಪ್ಪಿಗೆಯಾಗಿರಲಿಲ್ಲ. ಆದರೆ ಆ ಸಾಧ್ವಿಯು ಏಳು ಮಕ್ಕಳ ಸಂಸಾರವನ್ನು ಸಣ್ಣ ಸಂಬಳದಲ್ಲಿ ತೂಗಿಸಿ, ಗಂಡನ ಗಾಜು, ಔಷಧ, ಪುಸ್ತಕಗಳಿಗೂ ಹಣ ಉಳಿಸಿಕೊಟ್ಟಳು. ಕಹಾಲರ ಯಶಸ್ಸಿನಲ್ಲಿ ಅವಳ ಪಾಲು ಸಣ್ಣದಲ್ಲವೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

1883ರಲ್ಲಿ ವಲೆನ್ಸಿಯಾದಲ್ಲಿ ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕರಾದರು. 1885ರಲ್ಲಿ ಕಾಲರಾ ಹಬ್ಬಿದಾಗ ಅದನ್ನು ಕುರಿತು ಅವರು ನಡೆಸಿದ ಸಂಶೋಧನೆಯನ್ನು ಮೆಚ್ಚಿ ಸರಗೋಸಾ ಪ್ರಾಂತ್ಯದ ಆಡಳಿತವು ಅವರಿಗೆ ಜರ್ಮನಿಯ ಝೈಸ್ ಕಂಪನಿಯ ಉತ್ತಮ ಸೂಕ್ಷ್ಮದರ್ಶಕವೊಂದನ್ನು ಬಹುಮಾನವಾಗಿ ಕೊಟ್ಟಿತು. ಯೋಗ್ಯನ ಕೈಗೆ ಯೋಗ್ಯ ಉಪಕರಣ ಸೇರಿತು.

ಅಡಿಗೆಮನೆಯಲ್ಲಿ ಹುಟ್ಟಿದ ಬಣ್ಣ

ಇಲ್ಲಿ ನಾವು ಇನ್ನೊಬ್ಬ ಮಹನೀಯರ ಹೆಸರನ್ನು ಹೇಳಲೇಬೇಕು. ಅವರು ಇಟಲಿಯ ಕಮಿಲ್ಲೊ ಗೋಲ್ಗಿ. ಅಬ್ಬಿಯಾತೆಗ್ರಾಸ್ಸೋ ಎಂಬ ಊರಿನಲ್ಲಿ, ವಾಸಿಯಾಗದ ರೋಗಿಗಳ ಆಸ್ಪತ್ರೆಯೊಂದರಲ್ಲಿ ಅವರು ವೈದ್ಯರಾಗಿದ್ದರು. ಪ್ರಯೋಗಶಾಲೆ ಅಲ್ಲಿರಲಿಲ್ಲ. ಒಂದು ಅಡಿಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು, ಮೋಂಬತ್ತಿಯ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದರು. 1873ರಲ್ಲಿ ಅವರು ಒಂದು ಅಪೂರ್ವ ವಿಧಾನವನ್ನು ಪ್ರಕಟಿಸಿದರು. ಮೆದುಳಿನ ತುಂಡನ್ನು ಪೊಟ್ಯಾಸಿಯಮ್ ಡೈಕ್ರೋಮೇಟ್ ಎಂಬ ಲವಣದ ದ್ರಾವಣದಲ್ಲಿ ಕೆಲವು ದಿನ ನೆನೆಸಿ ಗಟ್ಟಿಮಾಡಿ, ಬಳಿಕ ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿದರೆ ಕೆಲವು ನರಕೋಶಗಳು ಮಾತ್ರ ಬುಡದಿಂದ ತುದಿಯವರೆಗೆ ಕಪ್ಪಾಗಿ, ಹಳದಿಯ ಹಿನ್ನೆಲೆಯಲ್ಲಿ ಮಸಿಯಿಂದ ಬರೆದಂತೆ ಎದ್ದು ಕಾಣುತ್ತವೆ.

ಕೆಲವು ಮಾತ್ರ ಎಂಬುದರಲ್ಲಿಯೇ ಇದರ ಮಹತ್ವವಿದೆ. ಮೆದುಳಿನಲ್ಲಿ ಕೋಶಗಳು ಎಷ್ಟು ದಟ್ಟವಾಗಿವೆಯೆಂದರೆ ಎಲ್ಲಕ್ಕೂ ಬಣ್ಣ ಹತ್ತಿದರೆ ಬರೀ ಕಪ್ಪು ಮುದ್ದೆಯೇ ಕಾಣುವುದು. ನೂರರಲ್ಲಿ ಎಲ್ಲೋ ಒಂದೆರಡು ಮಾತ್ರ ಬಣ್ಣ ಕುಡಿಯುವುದರಿಂದ ಅದರ ಪೂರ್ಣ ಸ್ವರೂಪ ತಿಳಿಯುತ್ತದೆ. ಆದರೆ ಈ ವಿಧಾನಕ್ಕೆ ಸ್ಥಿರತೆಯಿರಲಿಲ್ಲ. ಒಮ್ಮೆ ಹಿಡಿದ ಬಣ್ಣ ಮತ್ತೊಮ್ಮೆ ಹಿಡಿಯದು. ಆದ್ದರಿಂದ ಹದಿನಾಲ್ಕು ವರ್ಷ ಕಳೆದರೂ ಯೂರೋಪಿನ ಹೆಚ್ಚಿನ ಪಂಡಿತರು ಅದರ ಗೋಜಿಗೆ ಹೋಗಲಿಲ್ಲ.

1887ರಲ್ಲಿ ಮ್ಯಾಡ್ರಿಡಿನ ಲೂಯಿಸ್ ಸಿಮಾರ್ರೊ ಎಂಬ ವೈದ್ಯರು ತಮ್ಮ ಮನೆಯಲ್ಲಿ ಇಂತಹ ಗಾಜಿನ ಫಲಕವೊಂದನ್ನು ಕಹಾಲರಿಗೆ ತೋರಿಸಿದರು. ಕಹಾಲರ ಮುಂದಿನ ಆಯುಷ್ಯವೆಲ್ಲ ಆ ಒಂದು ನೋಟದಲ್ಲಿ ನಿಶ್ಚಯವಾಯಿತು. ಅದೇ ವರ್ಷ ಬಾರ್ಸಿಲೋನಾಕ್ಕೆ ವರ್ಗವಾಗಿ ಹೋದವರು ಹಗಲಿರುಳು ಅದರಲ್ಲಿಯೇ ಮುಳುಗಿದರು. ಚದುರಂಗದ ಆಟದಲ್ಲಿ ಅವರಿಗೆ ವಿಪರೀತ ಆಸಕ್ತಿಯಿತ್ತು. ಹೊತ್ತು ಹಾಳಾಗುವುದೆಂದು ಅದನ್ನೂ ತ್ಯಜಿಸಿದರು.

1888ನೆಯ ಇಸವಿ

ಕಹಾಲರು ಎರಡು ಸುಧಾರಣೆಗಳನ್ನು ಮಾಡಿದರು. ಮೊದಲನೆಯದಾಗಿ, ಮೆದುಳಿನ ತುಂಡನ್ನು ಒಂದು ಸಲ ಅದ್ದಿ ಬಿಡದೆ, ಅದೇ ಕ್ರಮವನ್ನು ಎರಡನೆಯ ಸಲ ನಡೆಸಿದರು. ಬಣ್ಣ ನಿಶ್ಚಿತವಾಗಿ ಹಿಡಿಯತೊಡಗಿತು. ಎರಡನೆಯದು ಇನ್ನೂ ಜಾಣತನದ್ದು. ಬಲಿತ ಪ್ರಾಣಿಗಳನ್ನು ಬಿಟ್ಟು ಹಕ್ಕಿಯ ಮರಿಗಳ, ಇನ್ನೂ ಹುಟ್ಟದ ಭ್ರೂಣಗಳ ಮೆದುಳನ್ನು ಪರೀಕ್ಷಿಸಿದರು. ನಮ್ಮಲ್ಲಿ ಗದ್ದೆಯ ಕೆಲಸ ಬಲ್ಲವರಿಗೆ ಇದರ ಮರ್ಮ ಬೇಗನೆ ತಿಳಿದೀತು. ತೆನೆ ಬಲಿತು ಬಾಗಿದ ಗದ್ದೆಯಲ್ಲಿ ಯಾವ ಎಲೆ ಯಾವ ಬುಡದ್ದೆಂದು ಹೇಳಲಾಗದು. ನೇಜಿ ನೆಟ್ಟ ಹೊಸತರಲ್ಲಿ ನೋಡಿದರೆ ಪ್ರತಿಯೊಂದು ಪೈರೂ ತನ್ನಷ್ಟಕ್ಕೆ ತಾನು ನಿಂತಿರುತ್ತದೆ. ಮೇಲಾಗಿ ಎಳೆಯ ಕೋಶಗಳ ತಂತುಗಳಿಗೆ ಕೊಬ್ಬಿನ ಹೊದಿಕೆ ಇನ್ನೂ ಬೆಳೆದಿರದ ಕಾರಣ ಬೆಳ್ಳಿಯ ಬಣ್ಣ ಸುಲಭವಾಗಿ ಒಳಹೊಗುತ್ತಿತ್ತು.

ಹೀಗೆ ಹಕ್ಕಿಗಳ ಕಿರುಮೆದುಳನ್ನು ನೋಡಿದಾಗ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಒಂದು ಕೋಶದ ತಂತು ಹರಿದು ಬಂದು ಮತ್ತೊಂದು ಕೋಶದ ಮೈಯನ್ನು ಬುಟ್ಟಿಯಂತೆ ತಬ್ಬಿಕೊಳ್ಳುತ್ತದೆ. ಆದರೆ ಅದರೊಳಗೆ ಕರಗಿ ಒಂದಾಗುವುದಿಲ್ಲ. ಪ್ರತಿಯೊಂದು ನರಕೋಶವೂ ಸ್ವತಂತ್ರ ವ್ಯಕ್ತಿ. ಅಕ್ಕಪಕ್ಕದಲ್ಲಿ ನಿಂತು ಸುದ್ದಿ ಮುಟ್ಟಿಸುವುದೇ ಹೊರತು ಬೆಸುಗೆಯಿಲ್ಲ. ಆಗಿನ ಕಾಲದ ಪಂಡಿತರಲ್ಲಿ ಹೆಚ್ಚಿನವರು ಇದಕ್ಕೆ ವಿರುದ್ಧವಾಗಿ, ಮೆದುಳೆಲ್ಲ ಕೂಡಿ ಒಂದೇ ಬಲೆಯೆಂದು ನಂಬಿದ್ದರು. ಆ ಪಕ್ಷದ ಮುಂದಾಳು ಗೋಲ್ಗಿಯವರೇ!

ಕಂಡದ್ದನ್ನು ಲೋಕಕ್ಕೆ ತಿಳಿಸುವುದು ಹೇಗೆ? ಸ್ಪೇನಿನಲ್ಲಿ ಇಂತಹ ವಿಷಯಕ್ಕೆ ಪತ್ರಿಕೆಯಿರಲಿಲ್ಲ. 1888ರ ಮೇ ತಿಂಗಳಲ್ಲಿ ಕಹಾಲರು ತಮ್ಮದೇ ಒಂದು ತ್ರೈಮಾಸಿಕವನ್ನು ಪ್ರಾರಂಭಿಸಿದರು. ಲೇಖಕರು ಅವರೇ, ಸಂಪಾದಕರು ಅವರೇ, ಚಿತ್ರಗಳೂ ಅವರವೇ, ಖರ್ಚೂ ಅವರದೇ. ಅಚ್ಚಾದ ಪ್ರತಿಗಳು ಕೇವಲ 60. ಅವುಗಳಲ್ಲಿ ಹೆಚ್ಚಿನವನ್ನು ಹೊರದೇಶಗಳ ಪಂಡಿತರಿಗೆ ಅಂಚೆಯಲ್ಲಿ ಕಳುಹಿಸಿದರು. ಅಕ್ಷರ ಜೋಡಿಸಿ, ಅಚ್ಚಿಗೆ ಹಣ ಹೊಂದಿಸಿ, ಓದುವವರ ದಾರಿ ಕಾಯುವ ಪತ್ರಿಕಾ ವ್ಯವಸಾಯದ ಕಷ್ಟ ನಮಗೆ ತಿಳಿಯದ್ದಲ್ಲ. ಆದುದರಿಂದ ಈ 60 ಪ್ರತಿಗಳ ಸಂಗತಿಯನ್ನು ಓದಿದಾಗ ನಮ್ಮ ಮನಸ್ಸು ಆರ್ದ್ರವಾಯಿತು. ಉತ್ತರ ಬರಲಿಲ್ಲ. ಸ್ಪ್ಯಾನಿಷ್ ಬಲ್ಲವರು ವಿರಳ. ಬಲ್ಲವರಿಗೂ ಸ್ಪೇನಿನಿಂದ ವಿಜ್ಞಾನ ಬಂದೀತೆಂಬ ನಂಬಿಕೆಯಿರಲಿಲ್ಲ.

ಆಗ ಕಹಾಲರು ತಾವೇ ಹೊರಟರು. 1889ರ ಅಕ್ಟೋಬರದಲ್ಲಿ ಬರ್ಲಿನ್ ನಗರದಲ್ಲಿ ಜರ್ಮನ್ ಅಂಗರಚನಾ ಶಾಸ್ತ್ರಜ್ಞರ ಸಮ್ಮೇಳನ. ಸ್ವಂತ ಉಳಿತಾಯವನ್ನು ಬಳಸಿ, ತಮ್ಮ ಸೂಕ್ಷ್ಮದರ್ಶಕವನ್ನೂ ಗಾಜಿನ ಫಲಕಗಳನ್ನೂ ಜೋಪಾನವಾಗಿ ಕಟ್ಟಿಕೊಂಡು ರೈಲು ಹತ್ತಿದರು. ಅವರಿಗೆ ಬರುತ್ತಿದ್ದುದು ಹರಕು ಮುರುಕು ಫ್ರೆಂಚ್ ಭಾಷೆ ಮಾತ್ರ. ಭಾಷೆ ಬಾರದ ಊರಿನಲ್ಲಿ ಮೊದಲ ದಿನ ಇಳಿದವನ ಸಂಕಟವನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಭಾಷಣ ಮಾಡುವ ಬದಲು ಅವರು ಮೇಜಿನ ಮೇಲೆ ಸೂಕ್ಷ್ಮದರ್ಶಕವಿಟ್ಟು ಫಲಕ ಜೋಡಿಸಿ, ಬಂದವರನ್ನು ಕಣ್ಣಿಟ್ಟು ನೋಡಿರೆಂದು ಕರೆದರು. ಮೊದಮೊದಲು ಉದಾಸೀನದಿಂದ ಬಂದವರು ನೋಡಿದ ಬಳಿಕ ತಲೆಯೆತ್ತಿ ಅವರ ಮುಖ ನೋಡಿದರು.

ಹಾಗೆ ನೋಡಿದವರಲ್ಲಿ 72 ವರ್ಷದ ಆಲ್ಬರ್ಟ್ ಕ್ಯೋಲಿಕರ್ ಎಂಬ ಸ್ವಿಸ್ ವಿದ್ವಾಂಸರೊಬ್ಬರು. ಜೀವಕೋಶ ಶಾಸ್ತ್ರದಲ್ಲಿ ಅವರ ಮಾತೆಂದರೆ ಇಡೀ ಯೂರೋಪಿಗೆ ಪ್ರಮಾಣ. ಬಲೆಯ ಸಿದ್ಧಾಂತವನ್ನು ನಂಬಿದ್ದ ಆ ವೃದ್ಧರು ಕಹಾಲರ ಫಲಕಗಳನ್ನು ಕಂಡ ಮೇಲೆ ತಮ್ಮ ಅಭಿಪ್ರಾಯವನ್ನು ಬದಲಿಸಿದರು. ಅಪರಿಚಿತ ಯುವಕನನ್ನು ತಮ್ಮೊಡನೆ ಕರೆದೊಯ್ದು ಸತ್ಕರಿಸಿ ಇತರ ಪಂಡಿತರಿಗೆ ಪರಿಚಯಿಸಿದರು. ಕಹಾಲರ ಬರಹ ಓದಲೆಂದೇ ಅವರು ಸ್ಪ್ಯಾನಿಷ್ ಕಲಿತರೆಂದು ಪ್ರತೀತಿ. ಇಳಿವಯಸ್ಸಿನಲ್ಲಿ ತನ್ನ ಮತವನ್ನು ಬಿಟ್ಟುಕೊಟ್ಟು ಕಿರಿಯನ ಸತ್ಯವನ್ನು ಎತ್ತಿಹಿಡಿದ ಕ್ಯೋಲಿಕರರ ದೊಡ್ಡತನವೂ ಸ್ಮರಣೀಯ. 1891ರಲ್ಲಿ ಜರ್ಮನಿಯ ವಾಲ್ಡೆಯರ್ ಎಂಬವರು ಈ ಸ್ವತಂತ್ರ ನರಕೋಶಕ್ಕೆ ನ್ಯೂರಾನ್ ಎಂದು ಹೆಸರಿಟ್ಟರು. ಹೆಸರು ಅವರದಾದರೂ ಅದರ ಹಿಂದಿನ ಪುರಾವೆಯ ಬಹುಭಾಗ ಬಾರ್ಸಿಲೋನಾದಿಂದ ಬಂದಿತ್ತು.

ಗುರುವಿನ ಬಣ್ಣ, ಗುರುವಿನ ವಿರೋಧ

ಅಲ್ಲಿಂದ ಮುಂದೆ ಕೀರ್ತಿಗೆ ಕೊರತೆಯಾಗಲಿಲ್ಲ. ಬೆಳೆಯುವ ನರತಂತುವಿನ ತುದಿಯಲ್ಲಿ ದಾರಿ ಹುಡುಕುತ್ತ ಸಾಗುವ ಶಂಕುವನ್ನು 1890ರಲ್ಲಿ ಕಂಡುಹಿಡಿದರು. ಸುದ್ದಿಯು ಕೋಶದ ಕೊಂಬೆಗಳಿಂದ ಒಳಬಂದು ತಂತುವಿನ ಮೂಲಕ ಹೊರಹೋಗುತ್ತದೆಂಬ ನಿಯಮವನ್ನು ಸ್ಥಾಪಿಸಿದರು. ಮೆದುಳಿನ ಚಿತ್ರಗಳಲ್ಲಿ ದಾರಿ ತೋರುವ ಬಾಣದ ಗುರುತುಗಳನ್ನು ಹಾಕಿದರು. 1892ರಲ್ಲಿ ಮ್ಯಾಡ್ರಿಡಿನ ಪ್ರಾಧ್ಯಾಪಕ ಪೀಠ ದೊರೆಯಿತು. 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಉಪನ್ಯಾಸಕ್ಕೆ ಕರೆಯಿತು. ಆಗ ಷೆರಿಂಗ್ಟನ್ ಎಂಬ ವಿಜ್ಞಾನಿಯ ಮನೆಯಲ್ಲಿ ಅತಿಥಿಯಾಗಿದ್ದ ಅವರು ಹೊರಗೆ ಹೋಗುವಾಗಲೆಲ್ಲ ಮಲಗುವ ಕೋಣೆಗೆ ಬೀಗ ಹಾಕುತ್ತಿದ್ದರಂತೆ. ಕೋಣೆಯೊಳಗೆ ಒಂದು ಚಿಕ್ಕ ಪ್ರಯೋಗಶಾಲೆಯನ್ನೇ ಹೂಡಿಕೊಂಡಿದ್ದುದು ಆಮೇಲೆ ತಿಳಿಯಿತು. ಇದೇ ಷೆರಿಂಗ್ಟನ್ನರು 1897ರಲ್ಲಿ ಎರಡು ನರಕೋಶಗಳು ಸಂಧಿಸುವ ಸ್ಥಾನಕ್ಕೆ ಸಿನಾಪ್ಸ್ ಎಂಬ ಹೆಸರು ಕೊಟ್ಟರು.

1899ರಿಂದ 1904ರವರೆಗೆ ಮನುಷ್ಯನ ಹಾಗೂ ಇತರ ಕಶೇರುಕಗಳ ನರಮಂಡಲವನ್ನು ಕುರಿತ ಅವರ ಮಹಾಗ್ರಂಥ ಹೊರಬಂದಿತು. ಈ ಅವಧಿಯಲ್ಲಿಯೇ ಅವರು ಮಾನವನ ಮೆದುಳಿನ ಹೊರಪದರವನ್ನು ಭಾಗಭಾಗವಾಗಿ ಪರೀಕ್ಷಿಸಿ, ಬಾದಾಮಿಯ ನೆರೆಯಲ್ಲಿರುವ ಘ್ರಾಣಭಾಗದ ರಚನೆಯನ್ನೂ 1901ರಲ್ಲಿ ವಿವರಿಸಿದರು.

1906ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಕಹಾಲರಿಗೂ ಗೋಲ್ಗಿಯವರಿಗೂ ಸಮಪಾಲಾಗಿ ಬಂದಿತು. ಒಬ್ಬರು ಬಣ್ಣವನ್ನು ಕಂಡುಹಿಡಿದವರು, ಇನ್ನೊಬ್ಬರು ಅದರಿಂದ ಸತ್ಯವನ್ನು ಕಂಡವರು; ಇಬ್ಬರ ನಂಬಿಕೆಗಳು ಮಾತ್ರ ಉತ್ತರ ದಕ್ಷಿಣ. ಸ್ಟಾಕ್‌ಹೋಮ್ ನಗರದಲ್ಲಿ ಡಿಸೆಂಬರ 11ರಂದು ಗೋಲ್ಗಿಯವರು ಮಾಡಿದ ಉಪನ್ಯಾಸ ಸ್ವತಂತ್ರ ನರಕೋಶದ ಸಿದ್ಧಾಂತವನ್ನು ಖಂಡಿಸುವುದಕ್ಕೇ ಮೀಸಲಾಯಿತು. ಮರುದಿನ ಕಹಾಲರ ಸರದಿ. ಅವರು ಕಲಹಕ್ಕೆ ಇಳಿಯದೆ ತಾವು ಕಂಡದ್ದನ್ನು ಚಿತ್ರಸಮೇತ ಮುಂದಿಟ್ಟರು. ಗೋಲ್ಗಿಯವರ ಬಣ್ಣವಿಲ್ಲದಿದ್ದರೆ ತಮ್ಮ ಕಾರ್ಯವಿಲ್ಲವೆಂಬುದನ್ನು ಕಹಾಲರು ಎಂದೂ ಮರೆಯಲಿಲ್ಲ. ಋಣವನ್ನು ಒಪ್ಪಿಕೊಳ್ಳುವುದು ಬೇರೆ, ಋಣಕ್ಕಾಗಿ ಕಂಡ ಸತ್ಯವನ್ನು ಬಿಟ್ಟುಕೊಡುವುದು ಬೇರೆ. ಹಿರಿಯರ ಉಪಕಾರಕ್ಕೆ ಕಟ್ಟುಬಿದ್ದು ಅವರ ತಪ್ಪಿಗೂ ತಲೆದೂಗುವವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ಈ ಪ್ರಸಂಗವನ್ನು ನಾವು ವಿಸ್ತರಿಸಿ ಹೇಳಿದ್ದೇವೆ.

ಕಾಫಿಯ ಮೇಜಿನ ಬಳಿ

ಪ್ರಯೋಗಶಾಲೆಯ ಹೊರಗೆ ಕಹಾಲರಿಗೆ ಬಹು ಪ್ರಿಯವಾದ ಸ್ಥಳವೆಂದರೆ ಹೋಟೆಲು. ಮಧ್ಯಾಹ್ನದ ಊಟದ ತರುವಾಯ ಕಾಫಿಯ ಮೇಜಿನ ಸುತ್ತ ಗೆಳೆಯರು ನೆರೆದು ಲೋಕಾಭಿರಾಮವಾಗಿ ಮಾತನಾಡುವುದು ಸ್ಪೇನಿನ ಹಳೆಯ ವಾಡಿಕೆ. ಬಾರ್ಸಿಲೋನಾದಲ್ಲಿಯೂ ಮ್ಯಾಡ್ರಿಡಿನಲ್ಲಿಯೂ ಅವರು ಇಂತಹ ಗೋಷ್ಠಿಗಳಿಗೆ ತಪ್ಪದೆ ಹೋಗುತ್ತಿದ್ದರು. ವಕೀಲರು, ಕವಿಗಳು, ವೈದ್ಯರು, ರಾಜಕಾರಣಿಗಳು ಅಲ್ಲಿ ಸೇರುತ್ತಿದ್ದರು. ಆ ಮಾತುಕತೆಗಳ ಸಾರವನ್ನು ಅವರು 1920ರಲ್ಲಿ ಒಂದು ಪುಸ್ತಕವಾಗಿ ಪ್ರಕಟಿಸಿದರು. ನೊಬೆಲ್ ಪಾರಿತೋಷಕ ಪಡೆದವರ ವಿಚಾರಗಳು ಒಂದು ಕಾಫಿ ಹೋಟೆಲಿನ ಮೇಜಿನ ಬಳಿ ಮೊಳೆತವೆಂಬುದು, ಆ ಮೇಜನ್ನು ಒರೆಸಿ ಕಾಫಿ ಇಟ್ಟವರಿಗೂ ಗೌರವದ ಮಾತೇ ಸರಿ.

ಛಾಯಾಚಿತ್ರಣದಲ್ಲಿಯೂ ಅವರು ನಿಪುಣರು. ಬಣ್ಣದ ಛಾಯಾಚಿತ್ರವನ್ನು ಕುರಿತು 1912ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಸರಕಾರವು ಅವರಿಗಾಗಿ ಪ್ರಯೋಗಶಾಲೆ ಸ್ಥಾಪಿಸಿದಾಗ ತಮಗೆ ಗೊತ್ತುಮಾಡಿದ ಸಂಬಳ ಹೆಚ್ಚಾಯಿತೆಂದು ಅದನ್ನು ಇಳಿಸಿಕೊಂಡರು. ಮಂತ್ರಿಪದವಿ ಬಂದಾಗ ಒಲ್ಲೆನೆಂದರು.

ಆದರೆ ಅವರನ್ನು ದೇವರನ್ನಾಗಿ ಮಾಡುವುದು ನಮ್ಮ ಉದ್ದೇಶವಲ್ಲ. ಅವರ ಪ್ರಯೋಗಶಾಲೆಯ ರೀಯೋ ಒರ್ತೇಗಾ ಎಂಬ ಪ್ರತಿಭಾವಂತ ಕಿರಿಯರು, ಮೆದುಳಿನಲ್ಲಿ ನರಕೋಶಗಳಲ್ಲದೆ ಇರುವ ಒಂದು ಬಗೆಯ ಸೂಕ್ಷ್ಮ ಕೋಶಗಳನ್ನು ಕಂಡುಹಿಡಿದರು. ಆ ಭಾಗದಲ್ಲಿ ಗುರುವಿನ ವಿವರಣೆ ಅಪೂರ್ಣವಾಗಿತ್ತೆಂದು ಇದರಿಂದ ತಿಳಿದುಬಂದಿತು. ಇಬ್ಬರ ನಡುವೆ ಮನಸ್ತಾಪ ಬೆಳೆದು 1920ರಲ್ಲಿ ಕಹಾಲರು ಅವರನ್ನು ಪ್ರಯೋಗಶಾಲೆಯಿಂದ ಹೊರಗೆ ಕಳುಹಿಸಿದರು. ಚಾಡಿಮಾತುಗಳೂ ಇದರಲ್ಲಿ ಕೈಯಾಡಿಸಿದ್ದವು. ಗೋಲ್ಗಿಯವರ ಹಟವನ್ನು ಕಂಡು ನೊಂದವರೇ ತಮ್ಮ ಮುಪ್ಪಿನಲ್ಲಿ ಕಿರಿಯನೊಬ್ಬನನ್ನು ಸಹಿಸದಾದರು. ಒರ್ತೇಗಾ ಕಂಡದ್ದೇ ಸರಿಯೆಂದು ಮುಂದೆ ಸಿದ್ಧವಾಯಿತು.

ಕೊನೆಯ ದಿನಗಳು

1930ರಲ್ಲಿ ಪತ್ನಿ ಸಿಲ್ವೇರಿಯಾ ತೀರಿಕೊಂಡರು. ಕಿವಿ ಮಂದವಾಗಿ, ದೇಹ ಕುಗ್ಗಿದ್ದರೂ ಕಹಾಲರು ಬರವಣಿಗೆ ನಿಲ್ಲಿಸಲಿಲ್ಲ. ಬಲೆಯ ಸಿದ್ಧಾಂತ ಆಗಲೂ ಪೂರ್ಣವಾಗಿ ಸತ್ತಿರಲಿಲ್ಲ. 1933ರಲ್ಲಿ, 81ನೆಯ ವಯಸ್ಸಿನಲ್ಲಿ, ಸ್ವತಂತ್ರ ನರಕೋಶದ ಪಕ್ಷದ ಪುರಾವೆಗಳನ್ನೆಲ್ಲ ಕ್ರೋಡೀಕರಿಸಿ ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. 1934ರ ಅಕ್ಟೋಬರ 17ರಂದು ಮ್ಯಾಡ್ರಿಡಿನಲ್ಲಿ ಅವರು ದೇಹವನ್ನಿಟ್ಟರು.

ಅವರ ಕಣ್ಣಿಗೆ ಕಾಣದೆಹೋದ ಕೊನೆಯ ಪುರಾವೆ ಇಪ್ಪತ್ತು ವರ್ಷಗಳ ಅನಂತರ ದೊರೆಯಿತು. 1950ರ ದಶಕದ ನಡುವಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ ಎರಡು ನರಕೋಶಗಳ ನಡುವೆ ನಿಜವಾಗಿಯೂ ಒಂದು ಸಂದು ಇರುವುದು ಗೋಚರಿಸಿತು. ಒಂದು ಮಿಲಿಮೀಟರನ್ನು 50,000 ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು, ಅಥವಾ ಅದರ ಆಸುಪಾಸಿನಷ್ಟು, ಅದರ ಅಗಲ. ಕೆಲವೆಡೆ ಕೋಶದಿಂದ ಕೋಶಕ್ಕೆ ನೇರವಾದ ಸೂಕ್ಷ್ಮ ರಂಧ್ರಗಳಿವೆಯೆಂದೂ ತಿಳಿದುಬಂದಿದೆ. ಆದುದರಿಂದ ಗೋಲ್ಗಿಯವರ ಕಲ್ಪನೆ ಸಂಪೂರ್ಣ ನಿರಾಧಾರವಾಗಿತ್ತೆನ್ನಲಾಗದು. ಆದರೂ ಮುಖ್ಯ ಸಿದ್ಧಾಂತದಲ್ಲಿ ಗೆದ್ದವರು ಕಹಾಲರೇ.

ಆ ಅಡಿಪಾಯದ ಮೇಲೆಯೇ ನಾವು ಆರಂಭದಲ್ಲಿ ಹೇಳಿದ ಬಾದಾಮಿಯ ನಕ್ಷೆಯೂ ಬೆಳೆಯಿತು. 1941ರಲ್ಲಿ ಎಲಿಝಬೆತ್ ಕ್ರಾಸ್ಬಿ ಮತ್ತು ಟ್ರೈಫೀನಾ ಹಂಫ್ರಿ ಎಂಬ ಇಬ್ಬರು ವಿದುಷಿಯರು ಮಾನವನ ಬಾದಾಮಿಯ ಪಂಗಡಗಳನ್ನು ವಿಂಗಡಿಸಿದರು. 1983ರಲ್ಲಿ ಜರ್ಮನಿಯ ಬ್ರಾಕ್ ದಂಪತಿಗಳು ಗೋಲ್ಗಿಯವರ ಅದೇ ಬೆಳ್ಳಿಯ ಬಣ್ಣವನ್ನೂ ಬಳಸಿ ಅದರ ಮುಖ್ಯ ಪಂಗಡಗಳ ನರಕೋಶಗಳ ಬಗೆಗಳನ್ನು ವಿವರಿಸಿದರು. ಅಡಿಗೆಮನೆಯಲ್ಲಿ ಹುಟ್ಟಿದ ಬಣ್ಣ 110 ವರ್ಷಗಳ ಮೇಲೆಯೂ ಮಾಸಿರಲಿಲ್ಲ. ಮಾನವನ ಮೆದುಳಿನಲ್ಲಿ ಒಟ್ಟು ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಈಗಿನ ಅಂದಾಜು. ಅಷ್ಟನ್ನೂ ನಕ್ಷೆಗಿಳಿಸುವ ಕೆಲಸ ಇನ್ನೂ ಮುಗಿದಿಲ್ಲ.

ಕಹಾಲರು ಸಾವಿರಾರು ಚಿತ್ರಗಳನ್ನು ಬರೆದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿ, ನೆನಪಿನಲ್ಲಿ ಹಿಡಿದು, ಲೇಖನಿಯಿಂದ ಕಾಗದಕ್ಕೆ ಇಳಿಸಿದ ಆ ಚಿತ್ರಗಳು ಇಂದಿಗೂ ವೈದ್ಯ ವಿದ್ಯಾರ್ಥಿಗಳ ಪಠ್ಯಪುಸ್ತಕಗಳಲ್ಲಿವೆ. ಕಲಾಶಾಲೆಗಳ ಗೋಡೆಗಳಲ್ಲಿಯೂ ಪ್ರದರ್ಶಿತವಾಗಿವೆ. 2017ರಲ್ಲಿ ಯುನೆಸ್ಕೋ ಸಂಸ್ಥೆಯು ಕಹಾಲರ ಹಾಗೂ ಅವರ ಶಿಷ್ಯವರ್ಗದ ದಾಖಲೆಗಳನ್ನು ಲೋಕದ ಸ್ಮರಣೆಯ ಭಂಡಾರಕ್ಕೆ ಸೇರಿಸಿತು. ಈ ಹುಡುಗನಿಗೆ ಚಿತ್ರ ಬರೆಯಲು ಬಾರದೆಂದು ಅಯೆರ್ಬೆಯ ಇಗರ್ಜಿಯಲ್ಲಿ ಸುಣ್ಣ ಬಳಿಯುವವನು ಹೇಳಿದ ತೀರ್ಪಿಗೆ ಆಗ ಒಂದೂವರೆ ಶತಮಾನ ಕಳೆದಿತ್ತು.